ಪಾಮ್ 3ಎಕ್ಸ್‌ಇ: ಹಾಟ್‌ಸಿಂಕ್ ಆಗುತ್ತಿಲ್ಲ, ಸೆಲ್ ಸ್ಪ್ರಿಂಗ್‌ಗೆ ಕಿಲುಬು, ಒಳಗೆ ಅಪ್ಪನ ಗೂಡಿನ ಲೆಕ್ಕ

ಗೂಡು_ಮಾರ್ಕೆಟ್ (ಶಿಡ್ಲಘಟ್ಟ), ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಹಳೇ ಅಂಗೈ ಕಂಪ್ಯೂಟರ್ ಇಟ್ಟುಕೊಂಡವರು ತುಮಕೂರಿನಲ್ಲಿ ಆಗಾಗ ಸೇರುತ್ತೀರಿ ಅಂತ ಗೆಳೆಯರೊಬ್ಬರು ಹೇಳಿದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಸಾಧನ ಪಾಮ್ 3ಎಕ್ಸ್‌ಇ. 8 ಎಂಬಿ, ಪಾಮ್ ಓಎಸ್ 3.5, ಸೀರಿಯಲ್ ಕ್ರೇಡಲ್ (ಕಂಪ್ಯೂಟರ್‌ಗೆ ಜೋಡಿಸಲು ಪಾಮ್ ಕೂರಿಸುವ ಪೀಠ) ಜೊತೆಗಿದೆ. ನಮ್ಮ ತಂದೆಯವರದ್ದು. ಅವರು ರೀಲರ್ ಆಗಿದ್ದವರು, ಅಂದರೆ ರೇಷ್ಮೆ ಗೂಡು ಕೊಂಡು ನೂಲು ತೆಗೆಯುವವರು. ಮಾರ್ಕೆಟ್‌ನಲ್ಲಿ ಹರಾಜು ಕೂಗುವಾಗಲೇ ಇದರಲ್ಲಿ ಕಡ್ಡಿ ಹಿಡಿದು ಬರೆದುಕೊಳ್ಳುತ್ತಿದ್ದರು. ಲಾಟ್ ನಂಬರ್, ತೂಕ, ದರ, ಆಮೇಲೆ ನೂಲು ಬಿಚ್ಚಿದ ಮೇಲೆ ರೆಂಡಿಟ್ಟಾ (ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಹಿಡಿಯಿತು ಅನ್ನೋ ಲೆಕ್ಕ) ಎಷ್ಟು ಬಂತು ಅನ್ನೋದು. ವರ್ಷಕ್ಕೊಂದು ಕೆಟಗರಿ, ತಿಂಗಳಿಗೊಂದು ಮೆಮೊ. ಎಲ್ಲ ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಕೆಲಸ ಬಿಟ್ಟು ವರ್ಷಗಳಾದವು. ಆದರೂ ರಿಮೋಟ್ ಸೆಲ್ ಮುಗಿಯುವ ಮೊದಲೇ ಬದಲಾಯಿಸುತ್ತಾ ಇದನ್ನು ಜೀವಂತ ಇಟ್ಟಿದ್ದಾರೆ. ಹಿಂದೆ ಸಿಂಕ್ ಮಾಡುತ್ತಿದ್ದ ಕಂಪ್ಯೂಟರ್ ಗುಜರಿಗೆ ಹೋಗಿದೆ, ಬ್ಯಾಕಪ್ ಎಲ್ಲೂ ಇಲ್ಲ.

ಈಗಿನ ತೊಂದರೆಗಳು:

ಹಾಟ್‌ಸಿಂಕ್ ಆಗುತ್ತಿಲ್ಲ. ಅಂದರೆ ಪಾಮ್‌ನಲ್ಲಿರುವುದನ್ನು ಕಂಪ್ಯೂಟರ್ ಜೊತೆ ತಾಳೆ ಮಾಡಿ ಪ್ರತಿ ಇಡುವುದು ನಡೆಯುತ್ತಿಲ್ಲ. ಲ್ಯಾಪ್‌ಟಾಪ್ ವಿಂಡೋಸ್ 11. ಅದರಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಅದಕ್ಕೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಾಯಿಸುವ ಒಂದು ಕೇಬಲ್ ತಂದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 10 ಅಂತ ಬರುತ್ತಿದೆ. ಗೆಳೆಯನ ಹತ್ತಿರ ಇದ್ದ ಬೇರೆ ಕೇಬಲ್ ಹಾಕಿದರೆ ಹಳದಿ ಗುರುತು ಇಲ್ಲ. ಆದರೆ ಕ್ರೇಡಲ್ ಗುಂಡಿ ಒತ್ತಿದರೆ 'ಕನೆಕ್ಟಿಂಗ್' ಅಂತ ತೋರಿಸಿ ಸ್ವಲ್ಪ ಹೊತ್ತಿಗೆ ಕೈಬಿಡುತ್ತದೆ.

ಟಚ್ ಜಾರಿದೆ. ಕಡ್ಡಿ ಇಟ್ಟ ಕಡೆ ಬೀಳುವುದಿಲ್ಲ, ಬೆರಳಿನಗಲ ಕೆಳಗೆ ಬೀಳುತ್ತದೆ.

ಸೆಲ್ ಮುಚ್ಚಳ ತೆಗೆದು ನೋಡಿದೆ. ಒಂದು ಸ್ಪ್ರಿಂಗ್ ಬುಡದಲ್ಲಿ ಬಿಳಿ ಹಸಿರು ಪುಡಿ ಕಟ್ಟಿದೆ. ಸೆಲ್ ತೆಗೆಯದೆ ಹಾಗೇ ಮುಚ್ಚಿದೆ.

ಮೊದಲು ಯಾವುದಕ್ಕೆ ಕೈ ಹಾಕಲಿ?


ಚಿಟಿಕೆ (ಗೌರಿಬಿದನೂರು), ಗುರುವಾರ ರಾತ್ರಿ

ಟಚ್ ಜಾರಿದ್ದಕ್ಕೆ ಸುಲಭ ದಾರಿ ಇದೆ ಬ್ರೋ. ಪವರ್ ಗುಂಡಿ ಒತ್ತಿ ಹಿಡಿದು ಹಿಂದಿನ ತೂತಿಗೆ ಪಿನ್ ಚುಚ್ಚಿ. ಹಾರ್ಡ್ ರೀಸೆಟ್ ಆದ ಮೇಲೆ ಟಚ್ ಸರಿಮಾಡುವ ಸ್ಕ್ರೀನ್ ತಾನಾಗೇ ಬರುತ್ತದೆ. ನನ್ನ ಪಾಮ್ ಎಂ100ಗೆ ಹಾಗೇ ಮಾಡಿದ್ದು.


ಸಿರಾಗೇಟ್ (ತುಮಕೂರು), ಗುರುವಾರ ರಾತ್ರಿ

ಅಯ್ಯೋ ಬೇಡ! ಗೂಡು_ಮಾರ್ಕೆಟ್ ಅವರೇ, ಮೇಲಿನದನ್ನು ದಯವಿಟ್ಟು ಮಾಡಬೇಡಿ. ಚಿಟಿಕೆ ಹೇಳಿದ ಸ್ಕ್ರೀನ್ ಬರುವುದು ನಿಜ. ಆದರೆ ಅದು ಬರುವ ಮೊದಲು ಒಳಗಿರುವುದೆಲ್ಲ ಅಳಿಸಿಹೋಗಿರುತ್ತದೆ. ಎಂ100 ಖಾಲಿ ಇತ್ತು, ನಡೆಯಿತು. ಇದರೊಳಗೆ ವರ್ಷಗಟ್ಟಲೆ ಲೆಕ್ಕ ಇದೆ.

ಊಟ ಮುಗಿಸಿ ವಿವರವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಸೆಲ್ ತೆಗೆಯಬೇಡಿ, ಪಿನ್ ಹತ್ತಿರವೂ ಹೋಗಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಕಡ್ಡಿಯನ್ನೂ ಎತ್ತಿಡಿ. ಆ ಕಡ್ಡಿಯ ತುದಿ ತಿರುಗಿಸಿದರೆ ಒಳಗೇ ರೀಸೆಟ್ ಪಿನ್ ಇರುತ್ತದೆ, ಮಕ್ಕಳು ಅದನ್ನು ಬೇಗ ಕಂಡುಹಿಡಿಯುತ್ತಾರೆ.


ಚಿಟಿಕೆ (ಗೌರಿಬಿದನೂರು), ಗುರುವಾರ ರಾತ್ರಿ

ಸರಿ ಸರ್. ಬ್ಯಾಕಪ್ ಇಲ್ಲ ಅನ್ನೋ ಸಾಲು ನಾನು ಓದಲಿಲ್ಲ.


ಸಿರಾಗೇಟ್ (ತುಮಕೂರು), ಗುರುವಾರ ರಾತ್ರಿ

ಈಗ ಕೇಳಿ.

ಈ ಪಾಮ್‌ಗಳಲ್ಲಿ ನೀವು ಬರೆದದ್ದೆಲ್ಲ ರ‍್ಯಾಮ್‌ನಲ್ಲೇ ಇರುತ್ತದೆ. ಮೆಮೊರಿ ಕಾರ್ಡ್ ಇಲ್ಲ, ಡಿಸ್ಕ್ ಇಲ್ಲ. ರಾಮ್‌ನಲ್ಲಿ (ROM, ಕರೆಂಟ್ ಹೋದರೂ ಅಳಿಯದ ಮೆಮೊರಿ) ಅಲ್ಲ, ರ‍್ಯಾಮ್‌ನಲ್ಲಿ; ಅಂದರೆ ಕರೆಂಟ್ ಇರುವವರೆಗೆ ಮಾತ್ರ. ನಿಮ್ಮ ತಂದೆ ಸೆಲ್ ಬದಲಾಯಿಸುತ್ತಾ ಬಂದದ್ದರಿಂದಲೇ ಅಷ್ಟೂ ಲೆಕ್ಕ ಇವತ್ತಿಗೂ ಉಳಿದಿದೆ. ಅವರಿಗೆ ನಮ್ಮ ಕಡೆಯಿಂದ ಒಂದು ನಮಸ್ಕಾರ ಹೇಳಿ.

ಸೆಲ್ ಬದಲಾಯಿಸುವಾಗ ಹೇಗೆ ಉಳಿಯುತ್ತದೆ ಅಂದರೆ, ಒಳಗೆ ಒಂದು ಕೆಪಾಸಿಟರ್ ಇದೆ. ಅದು ಸುಮಾರು ಒಂದು ನಿಮಿಷ ರ‍್ಯಾಮ್‌ಗೆ ಕರೆಂಟ್ ಕೊಡುತ್ತದೆ. ಹೊಸದಾಗಿದ್ದಾಗಿನ ಮಾತು ಅದು. ಇಪ್ಪತ್ತು ವರ್ಷ ದಾಟಿದ ಕೆಪಾಸಿಟರ್ ಅರ್ಧ ನಿಮಿಷ ತಡೆಯುತ್ತದೋ ಹತ್ತು ಸೆಕೆಂಡೋ, ಬಿಚ್ಚದೆ ಹೇಳಲಾಗದು. ಒಂದೊಂದೇ ಸೆಲ್ ಬದಲಾಯಿಸಿದರೆ ಏನೂ ಆಗದು ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಎರಡು ಸೆಲ್ ಸರಣಿಯಲ್ಲಿವೆ, ಒಂದು ತೆಗೆದರೂ ಎರಡೂ ತೆಗೆದ ಹಾಗೇ. ಹಾಗಾಗಿ ಕಿಲುಬು ಕೆರೆಯುವ ಕೆಲಸ ಕೊನೆಗೆ. ಅದಕ್ಕೆ ನಿಮಿಷಗಟ್ಟಲೆ ಬೇಕು.

ನನ್ನ ಲೆಕ್ಕದಲ್ಲಿ ಮೊದಲು ಪ್ರತಿ ತೆಗೆಯುವುದು, ಆಮೇಲೆ ಸೆಲ್ ಪೆಟ್ಟಿಗೆ, ಆಮೇಲೆ ಟಚ್. ಹಾಟ್‌ಸಿಂಕ್ ಆಗಲೇಬೇಕು ಅಂತ ಕೂರಬೇಡಿ. ಪ್ರತಿ ತೆಗೆಯಲು ಅದೊಂದೇ ದಾರಿ ಅಲ್ಲ. ಇದರ ತಲೆ ಮೇಲೆ ಕಪ್ಪು ಪ್ಲಾಸ್ಟಿಕ್ ಕಿಟಕಿ ಇದೆಯಲ್ಲ, ಅದು ಇನ್‌ಫ್ರಾರೆಡ್. ಇನ್ನೊಂದು ಪಾಮ್ ಎದುರಿಗಿಟ್ಟರೆ ಒಂದು ಕೆಟಗರಿಯ ಮೆಮೊಗಳನ್ನು ಒಟ್ಟಿಗೇ ಕಳಿಸಬಹುದು. ಕೇಬಲ್ ಬೇಡ, ಡ್ರೈವರ್ ಬೇಡ, ವಿಂಡೋಸ್ ಜೊತೆ ಜಗಳವೂ ಬೇಡ.

ಇನ್ನೊಂದು ಪಾಮ್ ಎಲ್ಲಿಂದ ತರೋಣ ಅನ್ನುತ್ತೀರಾ? ಅದಕ್ಕೇ ಅಲ್ವಾ ಈ ಗುಂಪು ಇರುವುದು. ನಂದಿ_ತಪ್ಪಲು ಅಕ್ಕನ ಹತ್ತಿರ ಪಾಮ್ 5ಎಕ್ಸ್ ಇದೆ. ಅದಕ್ಕೂ 8 ಎಂಬಿ.


ತಿಪಟೂರು_200 (ತಿಪಟೂರು), ಶುಕ್ರವಾರ ಬೆಳಿಗ್ಗೆ

ಎಚ್‌ಪಿ 200ಎಲ್‌ಎಕ್ಸ್ ತಗೊಂಡಿದ್ದರೆ ಈ ಪಾಡು ಇರುತ್ತಿತ್ತಾ? 1994ರ ಯಂತ್ರ, ರಾಮ್ ಒಳಗೆ ಎಂಎಸ್-ಡಾಸ್ 5, ಲೋಟಸ್ 1-2-3. ಪಕ್ಕದಲ್ಲಿ ಪಿಸಿ ಕಾರ್ಡ್ ತೂತು. ಅಡಾಪ್ಟರ್‌ನಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಹಾಕಿ ಫೈಲ್ ಕಾಪಿ ಮಾಡಿದರೆ ಮುಗಿಯಿತು. ಮೇಲಿಂದ ರ‍್ಯಾಮ್‌ಗೆ ಕಾವಲಾಗಿ ಒಂದು ಬಟನ್ ಸೆಲ್ ಬೇರೆ.


ಸಿರಾಗೇಟ್ (ತುಮಕೂರು), ಶುಕ್ರವಾರ ಬೆಳಿಗ್ಗೆ

ತಿಪಟೂರಣ್ಣ, ನಿಮ್ಮ ಕೀಬೋರ್ಡ್ ತೆರೆದುಕೊಂಡು ಗೂಡಿನ ಹರಾಜಿನಲ್ಲಿ ನಿಲ್ಲಿ ನೋಡೋಣ. ಒಂದು ಕೈಯಲ್ಲಿ ಗೂಡು ಹಿಸುಕಿ ನೋಡಬೇಕು, ಇನ್ನೊಂದು ಕೈಯಲ್ಲಿ ಬರೆಯಬೇಕು. ಅಲ್ಲಿಗೆ ಪಾಮೇ ಸರಿ.


ಕೆಜಿಎಫ್_ಸೋಲ್ಡರ್ (ಕೋಲಾರ ಜಿಲ್ಲೆ), ಶುಕ್ರವಾರ ಮಧ್ಯಾಹ್ನ

ಕೇಬಲ್ ವಿಷಯ ನಾನು ಹೇಳುತ್ತೇನೆ.

ಕೋಡ್ 10 ಬಂದ ಕೇಬಲ್ ಬಿಟ್ಟುಬಿಡಿ. ಒಳಗಿರುವುದು ಹಳೇ ಚಿಪ್ಪೋ ನಕಲಿಯೋ ಆಗಿರುತ್ತದೆ. ಈಗಿನ ವಿಂಡೋಸ್ ಡ್ರೈವರ್‌ಗಳು ಅಂಥವನ್ನು ಗುರುತು ಹಿಡಿದು ಬೇಕಂತಲೇ ನಿಲ್ಲಿಸುತ್ತವೆ. ನಿಮ್ಮ ಪಾಮ್‌ನದ್ದಾಗಲಿ ಕ್ರೇಡಲ್‌ನದ್ದಾಗಲಿ ತಪ್ಪಲ್ಲ.

ಎರಡನೇ ಕೇಬಲ್ ಕತೆ ಬೇರೆ. ಹಾಟ್‌ಸಿಂಕ್ ಶುರುವಾಗುವುದು 9600 ಬಾಡ್ ವೇಗದಲ್ಲಿ. ಎರಡೂ ಕಡೆಯವು ಮೊದಲು ನಿಧಾನಕ್ಕೆ ಮಾತಾಡಿ, ಇಬ್ಬರಿಗೂ ಆಗುವ ವೇಗ ಒಪ್ಪಿಕೊಂಡು, ಆಮೇಲೆ 57600ಕ್ಕೋ 115200ಕ್ಕೋ ಹಾರುತ್ತವೆ. 'ಕನೆಕ್ಟಿಂಗ್' ಬಂದು ಕೈಬಿಡುತ್ತದೆ ಅಂದರೆ ಮೊದಲ ಮಾತೇ ತಲುಪಿಲ್ಲ, ಇಲ್ಲವೇ ವೇಗ ಬದಲಾಯಿಸುವಾಗ ಒಬ್ಬರು ಹಿಂದೆ ಉಳಿದಿದ್ದಾರೆ. ಪರೀಕ್ಷೆ ಸುಲಭ. ಹಾಟ್‌ಸಿಂಕ್ ಮ್ಯಾನೇಜರ್‌ನಲ್ಲಿ ಸೆಟಪ್‌ಗೆ ಹೋಗಿ, ಲೋಕಲ್ ಅನ್ನುವ ಹಾಳೆಯಲ್ಲಿ ಪೋರ್ಟ್ ನಂಬರ್ ಸರಿಯಿದೆಯಾ ನೋಡಿ. ಅಲ್ಲೇ ಸ್ಪೀಡ್ 'ಆ್ಯಸ್ ಫಾಸ್ಟ್ ಆ್ಯಸ್ ಪಾಸಿಬಲ್' ಅಂತ ಇರುತ್ತದೆ, ಅದನ್ನು 9600 ಮಾಡಿ. ಈಗ ಹೋದರೆ ವೇಗದ ತೊಂದರೆ. ಈಗಲೂ ಹೋಗದಿದ್ದರೆ ತಂತಿಯದ್ದೋ ಪೋರ್ಟ್‌ನದ್ದೋ ತೊಂದರೆ.

ಕ್ರೇಡಲ್ ಒಳಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ತಂತಿ, ಗುಂಡಿ ಅಷ್ಟೇ. ಹಾಳಾಗುವುದು ಕಡಿಮೆ, ಕೊಳೆಯಾಗುವುದು ಜಾಸ್ತಿ. ಪಾಮ್ ಬುಡದಲ್ಲಿ ಸಾಲಾಗಿ ಚಿನ್ನದ ಬಣ್ಣದ ಪಟ್ಟಿಗಳಿವೆ. ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿಬಿಡಿ.

ಸೆಲ್ ತೆಗೆಯಲೇಬೇಕಾದ ಪರಿಸ್ಥಿತಿ ಬಂದರೆ ಒಂದು ಉಪಾಯ ಇದೆ. ಎರಡು ದೊಡ್ಡ ಪೆನ್ಸಿಲ್ ಸೆಲ್ ಹಿಡಿಸುವ ಪ್ಲಾಸ್ಟಿಕ್ ಹೋಲ್ಡರ್ ಸಿಗುತ್ತದೆ. ಅದರ ಪ್ಲಸ್ ತಂತಿಗೆ 1ಎನ್5819 ಡಯೋಡ್ ಒಂದನ್ನು ಸರಣಿಯಲ್ಲಿ ಬೆಸೆಯಿರಿ. ಬೆಳ್ಳಿ ಗೆರೆ ಪಾಮ್ ಕಡೆಗೆ ಇರಬೇಕು. ಮೀಟರ್ ಹಿಡಿದು ಸೆಲ್ ಪೆಟ್ಟಿಗೆಯಲ್ಲಿ ಸುಮಾರು 3 ವೋಲ್ಟ್ ತೋರಿಸುವ ಎರಡು ತುದಿ ಹುಡುಕಿ, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ತಾಗಿಸಿ. ಈಗ ಒಳಗಿನ ಸೆಲ್ ತೆಗೆದರೂ ಹೊರಗಿಂದ ಕರೆಂಟ್ ಹೋಗುತ್ತಿರುತ್ತದೆ. ಡಯೋಡ್ ಯಾಕೆ ಅಂದರೆ, ಎರಡು ಜೋಡಿ ಸೆಲ್ ಒಂದಕ್ಕೊಂದು ತಾಗಿದಾಗ ಒಂದರ ಕರೆಂಟ್ ಇನ್ನೊಂದಕ್ಕೆ ವಾಪಸ್ ನುಗ್ಗಬಾರದು. ಶಾಟ್ಕಿ ಡಯೋಡ್ ಆದ್ದರಿಂದ ಕಾಲು ವೋಲ್ಟ್ ಆಸುಪಾಸು ಮಾತ್ರ ನುಂಗುತ್ತದೆ. ಮಾಮೂಲಿ 4007 ಹಾಕಿದರೆ ಜಾಸ್ತಿ ನುಂಗುತ್ತದೆ, ಬೇಡ.


ಸಿರಾಗೇಟ್ (ತುಮಕೂರು), ಶುಕ್ರವಾರ ಮಧ್ಯಾಹ್ನ

ಉಪಾಯ ಸರಿಯಾಗಿದೆ ಅಣ್ಣ, ಆದರೆ ಮೊದಲ ಸಲ ಮಾಡುವವರು ಮನೆಯಲ್ಲಿ ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ. ಕ್ಲಿಪ್ ಒಮ್ಮೆ ಜಾರಿ ಎರಡು ತುದಿ ಒಂದಕ್ಕೊಂದು ತಾಗಿದರೆ ಹತ್ತು ವರ್ಷದ ಲೆಕ್ಕ ಒಂದೇ ಕ್ಷಣಕ್ಕೆ ಖಾಲಿ. ಇದು ಗುಂಪಿನಲ್ಲಿ, ನಿಮ್ಮ ಕೈಯಲ್ಲೇ, ಪ್ರತಿ ತೆಗೆದ ಮೇಲೆ ಆಗಲಿ.

ಗೂಡು_ಮಾರ್ಕೆಟ್ ಅವರೇ, 9600 ಪರೀಕ್ಷೆ ಮಾಡುವ ಮೊದಲು ಒಂದು ಎಚ್ಚರಿಕೆ. ಹೊಸ ಕಂಪ್ಯೂಟರ್‌ನಲ್ಲಿ ಪಾಮ್ ಡೆಸ್ಕ್‌ಟಾಪ್ (ಪಾಮ್‌ನ ಪ್ರತಿ ಇಡುವ ಕಂಪ್ಯೂಟರ್ ತಂತ್ರಾಂಶ) ಖಾಲಿ ಇರುತ್ತದೆ. ಹಾಟ್‌ಸಿಂಕ್ ಮ್ಯಾನೇಜರ್‌ನ ಕಸ್ಟಮ್ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಯಾರು ಯಾರ ಮೇಲೆ ಬರೆಯಬೇಕು ಅನ್ನೋ ಆಯ್ಕೆ ಇದೆ. ಅಲ್ಲೇನಾದರೂ 'ಡೆಸ್ಕ್‌ಟಾಪ್ ಓವರ್‌ರೈಟ್ಸ್ ಹ್ಯಾಂಡ್‌ಹೆಲ್ಡ್' ಅಂತ ಇದ್ದರೆ ಖಾಲಿ ಡೆಸ್ಕ್‌ಟಾಪ್ ಬಂದು ತುಂಬಿದ ಪಾಮ್ ಮೇಲೆ ಕೂರುತ್ತದೆ. ನಿಮಗೆ ಬೇಕಾದದ್ದು ಅದರ ಉಲ್ಟಾ. ಮೆಮೊ ಪ್ಯಾಡ್, ಅಡ್ರೆಸ್, ಡೇಟ್ ಬುಕ್, ಟು ಡೂ ನಾಲ್ಕಕ್ಕೂ 'ಹ್ಯಾಂಡ್‌ಹೆಲ್ಡ್ ಓವರ್‌ರೈಟ್ಸ್ ಡೆಸ್ಕ್‌ಟಾಪ್' ಇಡಿ.

ನನ್ನ ಸಲಹೆ ಕೇಳಿದರೆ ಅದನ್ನೂ ಮಾಡಬೇಡಿ. ಭಾನುವಾರ ತಂದುಬಿಡಿ.


ಗೂಡು_ಮಾರ್ಕೆಟ್ (ಶಿಡ್ಲಘಟ್ಟ), ಶುಕ್ರವಾರ ರಾತ್ರಿ

ಪಟ್ಟಿಗಳನ್ನು ರಬ್ಬರ್‌ನಿಂದ ಉಜ್ಜಿದೆ. ಸಿಂಕ್ ಪ್ರಯತ್ನ ನಿಲ್ಲಿಸಿದ್ದೇನೆ, ಭಾನುವಾರ ಬರುತ್ತೇನೆ. ಒಂದೇ ಅನುಮಾನ. ಟಚ್ ಇಷ್ಟು ಜಾರಿರುವಾಗ ಕಳಿಸುವ ಮೆನು ಒತ್ತುವುದಾದರೂ ಹೇಗೆ? ಅಪ್ಪನಿಗೆ ಅಭ್ಯಾಸವಾಗಿದೆ, ಅಂದಾಜಿನಲ್ಲಿ ಮೇಲಕ್ಕೆ ಒತ್ತುತ್ತಾರೆ. ನನಗೆ ಒಂದೂ ಸರಿ ಬೀಳುವುದಿಲ್ಲ.


ನಂದಿ_ತಪ್ಪಲು (ಚಿಕ್ಕಬಳ್ಳಾಪುರ), ಶುಕ್ರವಾರ ರಾತ್ರಿ

ನನ್ನ ಪಾಮ್ 5ಎಕ್ಸ್‌ಗೂ ಇದೇ ಕಾಯಿಲೆ ಬಂದಿತ್ತು ಕಣಪ್ಪ. ಅರ್ಧ ಪಾಲು ಇದು ಧೂಳಿನ ಆಟ. ಗಾಜಿನ ಅಂಚಿಗೂ ಸುತ್ತಲಿನ ಚೌಕಟ್ಟಿಗೂ ನಡುವೆ ಕೂದಲೆಳೆ ಸಂದು ಇರುತ್ತದೆ. ಅದರಲ್ಲಿ ಕಸ ಕೂತರೆ ಅಂಚನ್ನು ಯಾರೋ ಸದಾ ಒತ್ತಿ ಹಿಡಿದ ಹಾಗೆ ಆಗುತ್ತದೆ. ಆಗ ಪಾಮ್‌ಗೆ ನಿಮ್ಮ ಕಡ್ಡಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ರೇಷ್ಮೆ ಮನೆಯ ಪಾಮ್ ಅಂದರೆ ಸಂದಿಯಲ್ಲಿ ಏನೇನು ಸೇರಿದೆಯೋ!

ತೆಳ್ಳನೆಯ ವಿಸಿಟಿಂಗ್ ಕಾರ್ಡ್ ತಗೊಳ್ಳಿ. ಪಾಮ್ ಆಫ್ ಇರಲಿ. ಕಾರ್ಡಿನ ಅಂಚನ್ನು ಆ ಸಂದಿಗೆ ಇಟ್ಟು ನಾಲ್ಕೂ ಬದಿ ಮೆಲ್ಲಗೆ ಎಳೆಯಿರಿ. ಒಳಕ್ಕೆ ತುರುಕಬೇಡಿ, ಗಾಜು ಬಿರುಕು ಬಿಟ್ಟೀತು. ಆಮೇಲೆ ಪ್ರೆಫರೆನ್ಸಸ್‌ಗೆ ಹೋಗಿ, ಮೇಲೆ ಬಲಗಡೆಯ ಪಟ್ಟಿಯಲ್ಲಿ ಡಿಜಿಟೈಸರ್ ಆರಿಸಿ, ಗುರಿ ತೋರಿಸಿದ ಕಡೆ ಒತ್ತಿ. ಇದಕ್ಕೆ ಯಾವ ರೀಸೆಟ್ಟೂ ಬೇಡ.

ಅಲ್ಲಿಯವರೆಗೆ ಹೋಗುವುದೂ ಕಷ್ಟವಾದರೆ ಅಪ್ಪನ ಕೈಗೇ ಕೊಡಿ. ಮೆಮೊ ಓದುವುದಕ್ಕಂತೂ ಟಚ್ ಬೇಡ. ಬಲತುದಿಯ ಗುಂಡಿ ಒತ್ತಿದರೆ ಮೆಮೊ ಪ್ಯಾಡ್ ತೆರೆಯುತ್ತದೆ, ಮತ್ತೆ ಮತ್ತೆ ಒತ್ತಿದರೆ ಕೆಟಗರಿ ಒಂದೊಂದಾಗಿ ಬದಲಾಗುತ್ತದೆ.

ಒಂದು ಬೇಡಿಕೆ. ಟಚ್ ಜಾರಿರುವಾಗ ಕೆಳಗಿನ ಜಾಗದಲ್ಲಿ ಗ್ರಾಫಿಟಿ ಅಕ್ಷರ (ಪಾಮ್ ಗುರುತಿಸುವ ಕಡ್ಡಿ ಬರಹ) ಬರೆಯಲು ಹೋಗಬೇಡಿ. ಶಾರ್ಟ್‌ಕಟ್ ಗೆರೆ ಎಳೆದು ಚುಕ್ಕಿ ಇಟ್ಟು ಅಂಕಿ ಬರೆಯುವ ಗುಟ್ಟಿನ ಆಜ್ಞೆಗಳಿವೆ. 7 ಬರೆದರೆ ಸೆಲ್ ಯಾವ ಬಗೆಯದ್ದು ಅನ್ನೋದು ಬದಲಾಗುತ್ತದೆ, ಅದು ಪರವಾಗಿಲ್ಲ. 5 ಬಿದ್ದರೆ ಯೂಸರ್ ಹೆಸರೇ ಅಳಿಸಿಹೋಗುತ್ತದೆ. ಸುಮ್ನೆ ಯಾಕೆ ಬೇಕು.

ಭಾನುವಾರ ನಾನೂ ಬರುತ್ತೇನೆ. ನನ್ನದನ್ನು ಖಾಲಿ ಮಾಡಿಕೊಂಡು ತರುತ್ತೇನೆ.


ಸಿರಾಗೇಟ್ (ತುಮಕೂರು), ಶನಿವಾರ

ಭಾನುವಾರ ಹತ್ತು ಗಂಟೆಗೆ, ಎಂದಿನ ಜಾಗ. ರೈಲಿಗೋ ಬಸ್ಸಿಗೋ ಬೇಗ ಬಂದವರು ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ಮುಗಿಸಿಕೊಂಡೇ ಬನ್ನಿ, ಇಲ್ಲಿ ಚಹಾ ಮಾತ್ರ. ನಾನು ಎಕ್ಸ್‌ಪಿ ಹಾಕಿದ ಹಳೇ ಲ್ಯಾಪ್‌ಟಾಪ್ ತರುತ್ತೇನೆ. ನಿಜವಾದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದೆ, ಪಾಮ್ ಡೆಸ್ಕ್‌ಟಾಪ್ 4.1 ಇದೆ. ಕೆಜಿಎಫ್ ಅಣ್ಣ ಮೀಟರ್, ಹೋಲ್ಡರ್, ಡಯೋಡ್ ತರಲಿ. ಅಮಿಡಾ ಸಿಂಪ್ಯೂಟರ್ ನೋಡಬೇಕು ಅಂತ ಕೇಳಿದವರಿಗೆ: ಅದೂ ಬರುತ್ತದೆ. 2004ರಲ್ಲಿ ಬಿಇಎಲ್ ಮತ್ತು ಪಿಕೊಪೆಟಾ ತಂದ ನಮ್ಮ ಬೆಂಗಳೂರಿನ ಯಂತ್ರ, ಒಳಗೆ ಲಿನಕ್ಸ್. ನೋಡಲು ಮಾತ್ರ, ಬಿಚ್ಚಲು ಅಲ್ಲ.

ಗೂಡು_ಮಾರ್ಕೆಟ್ ಅವರೇ, ಪ್ರಯಾಣದಲ್ಲಿ ಪಾಮ್ ಅನ್ನು ಬಟ್ಟೆಯಲ್ಲಿ ಸುತ್ತಿ ತನ್ನಿ. ಕಿಲುಬು ಹಿಡಿದ ಸ್ಪ್ರಿಂಗ್, ಬಸ್ಸು ಗುಂಡಿಗೆ ಬಿದ್ದಾಗ ಸೆಲ್ ಅಲುಗಬಾರದು. ಮುಚ್ಚಳದ ಮೇಲೆ ಒಂದು ಟೇಪ್ ಅಂಟಿಸಿ. ಆಗುವುದಾದರೆ ತಂದೆಯವರನ್ನೂ ಕರೆದುಕೊಂಡು ಬನ್ನಿ.


ಗೂಡು_ಮಾರ್ಕೆಟ್ (ಶಿಡ್ಲಘಟ್ಟ), ಭಾನುವಾರ ರಾತ್ರಿ

ಮನೆ ತಲುಪಿದೆವು. ಮುಂದೆ ಇದೇ ತೊಂದರೆ ಬಂದವರಿಗೆ ಉಪಯೋಗವಾಗಲಿ ಅಂತ ಏನೇನಾಯಿತು ಬರೆಯುತ್ತೇನೆ.

ಮೊದಲು ಕಾರ್ಡ್ ಎಳೆದದ್ದು. ಕೆಳಗಿನ ಅಂಚಿನಿಂದ ಹಳದಿ ಬಣ್ಣದ ಒಂದು ಎಳೆ ಬಂತು, ಬೆರಳಿನುದ್ದ. ಅಪ್ಪ ಅದನ್ನು ಉಗುರಿನಲ್ಲಿ ಎಳೆದು ನೋಡಿ, 'ಸಿ.ಬಿ. ನೂಲು' ಅಂದರು, ಅಂದರೆ ಮಿಶ್ರತಳಿ ಗೂಡಿನ ನೂಲು. ಡಿಜಿಟೈಸರ್ ಸರಿಮಾಡಿದ ಮೇಲೆ ಕಡ್ಡಿ ಇಟ್ಟಲ್ಲೇ ಬೀಳುತ್ತಿದೆ. ಸ್ವಲ್ಪ ವಾಲುತ್ತದೆ, ಆದರೆ ಮೆನು ಒತ್ತಲು ಸಾಕು.

ಆಮೇಲೆ ಅಕ್ಕನ ಪಾಮ್‌ಗೆ ಬೀಮ್ ಮಾಡಿದ್ದು, ಅಂದರೆ ಇನ್‌ಫ್ರಾರೆಡ್‌ನಲ್ಲಿ ಕಳಿಸಿದ್ದು. ಎರಡರಲ್ಲೂ ಪ್ರೆಫರೆನ್ಸಸ್‌ನಲ್ಲಿ 'ಬೀಮ್ ರಿಸೀವ್' ಆನ್ ಇದೆಯಾ ನೋಡಿಕೊಂಡೆವು. ಮೊದಲ ಕೆಟಗರಿ ಅರ್ಧಕ್ಕೇ ನಿಂತಿತು. ಕಿಟಕಿಯಿಂದ ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತಿತ್ತು. ಸಿರಾಗೇಟ್ ಸರ್ ಎರಡನ್ನೂ ಮೇಜಿನ ಮೂಲೆಗೆ ತಂದು, ಒಂದು ಗೇಣು ದೂರದಲ್ಲಿ ತಲೆಗೆ ತಲೆ ಇಟ್ಟರು. ಆಮೇಲೆ ಎಲ್ಲ ಆ ಕಡೆಗೆ ಸರಿಯಾಗಿ ಹೋಯಿತು. ಬಂದ ಮೆಮೊಗಳೆಲ್ಲ ಆ ಕಡೆ 'ಅನ್‌ಫೈಲ್ಡ್'ಗೇ ಬೀಳುತ್ತವೆ, ಕೆಟಗರಿ ಉಳಿಯುವುದಿಲ್ಲ. ಅದಕ್ಕೆ ಒಂದು ವರ್ಷ ಕಳಿಸಿ, ಅಲ್ಲಿ ಅದಕ್ಕೊಂದು ಕೆಟಗರಿ ಮಾಡಿ ಸೇರಿಸಿ, ಆಮೇಲೆ ಮುಂದಿನ ವರ್ಷ. ನಿಧಾನದ ಕೆಲಸ.

ಒಂದು ಮೆಮೊದಲ್ಲಿ 4096 ಅಕ್ಷರ ಮಾತ್ರ ಹಿಡಿಸುತ್ತದಂತೆ. ಅದು ಅಪ್ಪನಿಗೆ ಆವತ್ತೇ ಗೊತ್ತಾಗಿತ್ತು. ತಿಂಗಳಿಗೊಂದು ಮಾಡಿದ್ದು ಅದಕ್ಕೇ. ಸುಗ್ಗಿ ತಿಂಗಳಿಗೆ ಎರಡು. ಒಂದು ಸಾಲು ಹೀಗಿದೆ: 'ಲಾಟ್ 114, 42 ಕೆಜಿ, ಚಿಂತಾಮಣಿ ಕಡೇದು, ರೆಂಡಿಟ್ಟಾ 8, ಗೂಡು ಮೆತ್ತಗೆ, ಇವನ ಹತ್ರ ಬೇಡ'. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಎಂಟು ಕಿಲೋ ಗೂಡಿಗೆ ಒಂದು ಕಿಲೋ ರೇಷ್ಮೆ ಅಂದರೆ ಏನು, ಅದು ಕಡಿಮೆಯಾದಷ್ಟೂ ರೀಲರ್‌ಗೆ ಯಾಕೆ ಲಾಭ ಅಂತ ಅಪ್ಪ ತಿಪಟೂರಿನ ಸರ್‌ಗೆ ವಿವರಿಸಿದರು. ಅವರು ಅದನ್ನು ಲೋಟಸ್‌ನಲ್ಲಿ ಹಾಕಿ ತೋರಿಸಿದರು. ಇಬ್ಬರಿಗೂ ಊಟದ ನೆನಪೇ ಇರಲಿಲ್ಲ.

ಈಗ ಒಂದು ಪ್ರಶ್ನೆ ಉಳಿದಿದೆ. ಕಳಿಸಿದ ಮೇಲೆ ಅಕ್ಕ ಎರಡರಲ್ಲೂ ಲೆಕ್ಕ ತಾಳೆ ನೋಡಿದರು. ಅಪ್ಲಿಕೇಶನ್‌ಗಳ ಮುಖ್ಯ ಪುಟದ ಮೆನುವಿನಲ್ಲಿ 'ಇನ್ಫೋ', ಅದರಲ್ಲಿ 'ರೆಕಾರ್ಡ್ಸ್'. ಅಪ್ಪನ ಪಾಮ್‌ನಲ್ಲಿ ಮೆಮೊಗಳ ಸಂಖ್ಯೆ ಜಾಸ್ತಿ ಇದೆ, ಅಕ್ಕನದ್ದರಲ್ಲಿ ಕಡಿಮೆ. ಯಾಕೆ ಅಂತ ಅಲ್ಲೇ ಅಕ್ಕ ಹೇಳಿದರು, ಅವರೇ ಬರೆಯಲಿ.


ನಂದಿ_ತಪ್ಪಲು (ಚಿಕ್ಕಬಳ್ಳಾಪುರ), ಸೋಮವಾರ

ಬೀಮ್ ಮಾಡುವಾಗ ಕಣ್ಣಿಗೆ ಕಾಣುವ ಮೆಮೊ ಮಾತ್ರ ಹೋಗುತ್ತವೆ. ಅಪ್ಪಾಜಿ ಕೆಲವನ್ನು ಪ್ರೈವೇಟ್ ಅಂತ ಗುರುತು ಹಾಕಿ, ಸೆಕ್ಯುರಿಟಿಯಲ್ಲಿ ಬಚ್ಚಿಟ್ಟಿದ್ದಾರೆ. ಪಾಸ್‌ವರ್ಡ್ ಈಗ ನೆನಪಿಲ್ಲ.

ಎಲ್ಲರೂ ಬೀಳುವ ಹಳ್ಳ ಇಲ್ಲೇ ಇದೆ. ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯಲ್ಲಿ ಪಾಸ್‌ವರ್ಡ್ ಮರೆತವರಿಗೆ ಅಂತ ಒಂದು ಗುಂಡಿ ಇರುತ್ತದೆ. ಈಗಿನ ಫೋನ್ ಅಭ್ಯಾಸದವರು ಒತ್ತಿಯೇ ಬಿಡುತ್ತಾರೆ, ಒಟಿಪಿ ಬರುತ್ತದೆ ಅಂತ. ಇಲ್ಲಿ ಅದರ ಅರ್ಥ, ಪಾಸ್‌ವರ್ಡ್ ಜೊತೆಗೆ ಬಚ್ಚಿಟ್ಟ ಮೆಮೊಗಳನ್ನೂ ಅಳಿಸು ಅಂತ. ಮೊದಲೇ ಹಾಟ್‌ಸಿಂಕ್ ಮಾಡಿದ್ದರೆ ಮುಂದಿನ ಸಿಂಕ್‌ನಲ್ಲಿ ವಾಪಸ್ ಬರುತ್ತವೆ. ಮಾಡಿರದಿದ್ದರೆ ಹೋದಂತೆಯೇ.

ಹಾಟ್‌ಸಿಂಕ್ ಮಾತ್ರ ಬಚ್ಚಿಟ್ಟವನ್ನೂ ಕಂಪ್ಯೂಟರ್‌ಗೆ ಒಯ್ಯುತ್ತದೆ. ಅದಕ್ಕೇ ಬೀಮ್ ಆದ ಮೇಲೂ ಸಿರಾಗೇಟ್ ಅವರು ಬಿಡದೆ ಎಕ್ಸ್‌ಪಿ ಲ್ಯಾಪ್‌ಟಾಪ್‌ಗೆ ಕ್ರೇಡಲ್ ಹಾಕಿದ್ದು.


ಸಿರಾಗೇಟ್ (ತುಮಕೂರು), ಸೋಮವಾರ

ಹಾಟ್‌ಸಿಂಕ್ ಕತೆ ಎರಡೇ ಮಾತಿನಲ್ಲಿ: ನಿಜವಾದ ಪೋರ್ಟ್, 57600, 'ಹ್ಯಾಂಡ್‌ಹೆಲ್ಡ್ ಓವರ್‌ರೈಟ್ಸ್ ಡೆಸ್ಕ್‌ಟಾಪ್', ಮೊದಲ ಏಟಿಗೇ ಆಯಿತು. ಆ ಫೋಲ್ಡರ್‌ ಅನ್ನು ಎರಡು ಪೆನ್ ಡ್ರೈವ್‌ಗೆ ಹಾಕಿ ಕೊಟ್ಟಿದ್ದೇನೆ. ಮೆಮೊಗಳನ್ನು ಬೇರೆಯಾಗಿ ಟೆಕ್ಸ್ಟ್ ಫೈಲ್ ಆಗಿಯೂ ತೆಗೆದಿದ್ದೇವೆ. ಮುಂದೆ ಪಾಮ್ ಡೆಸ್ಕ್‌ಟಾಪ್ ಇಲ್ಲದ ಕಾಲದಲ್ಲೂ ಅದು ತೆರೆಯುತ್ತದೆ.

ಬಚ್ಚಿಟ್ಟ ಮೆಮೊಗಳ ವಿಷಯ. ಪಾಮ್ ಓಎಸ್ 3.5ರಲ್ಲಿ ಪ್ರೈವೇಟ್ ಅನ್ನೋದು ಒಂದು ಗುರುತು ಅಷ್ಟೇ, ಒಳಗಿನ ಬರಹವನ್ನು ಗುಪ್ತಲಿಪಿ ಮಾಡಿರುವುದಿಲ್ಲ. ಬ್ಯಾಕಪ್ ಫೈಲ್ ತೆರೆದು ಓದುವುದು ನಮ್ಮಲ್ಲಿ ಯಾರಿಗೂ ಕಷ್ಟವಲ್ಲ. ಚಿಟಿಕೆ ಅಲ್ಲೇ ತೆರೆಯೋಣ ಅಂದ. ನಾನು ಬೇಡ ಅಂದೆ. ಯಜಮಾನರು ಎದುರಿಗೇ ಕೂತಿದ್ದಾರೆ, ಅವರನ್ನು ಕೇಳಬೇಕಲ್ವಾ. ಕೇಳಿದ್ದಕ್ಕೆ ಅವರು, 'ಅದು ಕೈಸಾಲದ್ದು. ತಗೊಂಡವರು ಊರಲ್ಲೇ ಇದ್ದಾರೆ. ಹಾಗೇ ಇರಲಿ' ಅಂದರು. ಹಾಗೇ ಇಟ್ಟಿದ್ದೇವೆ. ಇನ್ನು ಮುಂದೆ ಬೇರೆಯವರ ಸಾಧನ ಗುಂಪಿಗೆ ಬಂದಾಗಲೂ ಇದೇ ಕ್ರಮ.


ಕೆಜಿಎಫ್_ಸೋಲ್ಡರ್ (ಕೋಲಾರ ಜಿಲ್ಲೆ), ಸೋಮವಾರ ರಾತ್ರಿ

ಸೆಲ್ ಪೆಟ್ಟಿಗೆ ಬಗ್ಗೆ ಕೇಳಿದವರಿಗೆ.

ಹೊರಗಿನ ಹೋಲ್ಡರ್ ತಾಗಿಸಿದ ಮೇಲೆ ಸೆಲ್ ತೆಗೆದೆವು. ಒಂದು ಸೆಲ್‌ನ ಬುಡ ಒಸರಿತ್ತು. ಆಲ್ಕಲೈನ್ ಸೆಲ್ ಒಳಗಿನದು ಕ್ಷಾರ, ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದಕ್ಕೆ ಹುಳಿ ಬೇಕು. ಅಡುಗೆ ವಿನೆಗರ್‌ನಲ್ಲಿ ಹತ್ತಿಕಡ್ಡಿ ಅದ್ದಿ, ಹಿಂಡಿ, ಸ್ಪ್ರಿಂಗ್ ಬುಡಕ್ಕೆ ಒತ್ತಿ. ಸಣ್ಣಗೆ ನೊರೆ ಬರುತ್ತದೆ. ತೊಟ್ಟಿಕ್ಕಬಾರದು, ಒಳಗೆ ಇಳಿದರೆ ಬೋರ್ಡ್ ಹಾಳು. ನೊರೆ ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ. ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಊದಲೂ ಬೇಡಿ, ಕಣ್ಣಿಗೆ ಹೋದರೆ ಉರಿ. ಉಪ್ಪು ಕಾಗದ ಹಾಕಿ ಉಜ್ಜುವವರಿದ್ದಾರೆ. ಮೇಲಿನ ಲೇಪ ಹೋಗಿ ಬೇಗ ತುಕ್ಕು ಹಿಡಿಯುತ್ತದೆ, ಬೇಡ.

ಸ್ಪ್ರಿಂಗ್ ಬದುಕಿದೆ. ಹೊಸ ಸೆಲ್ ಹಾಕಿ, ಪಾಮ್ ಆನ್ ಮಾಡಿ ಮೆಮೊ ಇದೆಯಾ ನೋಡಿಕೊಂಡೇ ಹೋಲ್ಡರ್ ಬಿಡಿಸಿದೆ. ಎಲ್ಲ ಹಾಗೇ ಇತ್ತು.

ಚಾರ್ಜ್ ಮಾಡುವ ಸೆಲ್ ಹಾಕಬಹುದಾ ಅಂತ ಅಪ್ಪಾಜಿ ಕೇಳಿದ್ದರು. ಹಾಕಬಹುದು, ಆದರೆ ಅವು ತಲಾ 1.2 ವೋಲ್ಟ್. ಪಾಮ್ ಸ್ಕ್ರೀನ್‌ನ ಸೆಲ್ ಮೀಟರ್ ಗೆರೆ ಆಲ್ಕಲೈನ್ ಲೆಕ್ಕದಲ್ಲಿ ತೋರಿಸುತ್ತದೆ. ತುಂಬಿದ್ದಾಗಲೂ ಕಡಿಮೆ ಅನ್ನುತ್ತದೆ, ಮುಗಿಯುವಾಗ ಎಚ್ಚರಿಸದೆ ಮಲಗುತ್ತದೆ. ಮೇಜಿನೊಳಗೆ ಇಡುವ ಸಾಧನಕ್ಕೆ ಬೇಡ. ಚಾರ್ಜ್ ಆಗದ 1.5 ವೋಲ್ಟಿನ ಲಿಥಿಯಂ ಸೆಲ್ ಸಿಕ್ಕರೆ ಒಳ್ಳೆಯದು, ಒಸರುವುದು ತೀರಾ ಅಪರೂಪ. ಬೆಲೆ ಜಾಸ್ತಿ.


ಗೂಡು_ಮಾರ್ಕೆಟ್ (ಶಿಡ್ಲಘಟ್ಟ), ಮಂಗಳವಾರ

ಎಲ್ಲರಿಗೂ ಧನ್ಯವಾದ. ಶೀರ್ಷಿಕೆಗೆ 'ಬಗೆಹರಿದಿದೆ' ಅಂತ ಸೇರಿಸಿ ಸರ್. ಅಪ್ಪ ಮುಂದಿನ ಸಲವೂ ಬರುತ್ತಾರಂತೆ. ಇದರ ಕ್ಯಾಲೆಂಡರ್ 2031ರವರೆಗೆ ಮಾತ್ರ ಇದೆ ಅಂತ ಯಾರೋ ಹೇಳಿದ್ದು ಅವರಿಗೆ ಸರಿ ಬಂದಿಲ್ಲ. ಆಮೇಲೆ ಏನು ಮಾಡುವುದು ಅಂತ ಕೇಳುತ್ತಿದ್ದಾರೆ.


ಸಿರಾಗೇಟ್ (ತುಮಕೂರು), ಮಂಗಳವಾರ

ಆಮೇಲೂ ಮೆಮೊ ನಡೆಯುತ್ತದೆ ಅಂತ ಹೇಳಿ. ಅವರಿಗೆ ಡೇಟ್ ಬುಕ್ ಬೇಕಾಗಿಲ್ಲ, ತಾರೀಕು ಅವರೇ ಬರೆಯುತ್ತಾರಲ್ಲ.


ಬಂಗಾರಪೇಟೆ_5ಎಂಎಕ್ಸ್ (ಕೋಲಾರ ಜಿಲ್ಲೆ), ಮಂಗಳವಾರ ರಾತ್ರಿ

ಇದೇ ಜಾಗದಲ್ಲಿ ಕೇಳಬಹುದಾ? ನನ್ನದು ಸಯಾನ್ ಸೀರೀಸ್ 5ಎಂಎಕ್ಸ್, ಕೀಬೋರ್ಡ್ ಇರುವ ಮಡಚುವ ಅಂಗೈ ಕಂಪ್ಯೂಟರ್. ಪೂರ್ತಿ ತೆರೆದರೆ ಸ್ಕ್ರೀನ್ ಮೇಲೆ ಅಡ್ಡ ಗೆರೆ, ಅರ್ಧ ತೆರೆದರೆ ಸರಿ.


ಕೆಜಿಎಫ್_ಸೋಲ್ಡರ್ (ಕೋಲಾರ ಜಿಲ್ಲೆ), ಮಂಗಳವಾರ ರಾತ್ರಿ

ಅದು ಬಿಜಾಗರಿಯ ಹತ್ತಿರ ಮಡಚುವ ಪಟ್ಟಿ ಕೇಬಲ್ ಬಿರುಕು ಬಿಟ್ಟಿರುವುದು. ತುಂಬಾ ಉದ್ದ ಕತೆ, ಬೇರೆ ಪ್ರಶ್ನೆಯಾಗಿ ಹಾಕಿ. ಹಾಕುವ ಮೊದಲು, ಅರ್ಧ ತೆರೆದಾಗ ಕಾಣುತ್ತಿದೆಯಲ್ಲ, ಇವತ್ತೇ ಎಲ್ಲವನ್ನೂ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್‌ಗೆ ಕಾಪಿ ಮಾಡಿಕೊಳ್ಳಿ. ಕಾರ್ಡ್ ಇಲ್ಲದಿದ್ದರೆ ನನ್ನ ಹತ್ತಿರ ಇದೆ, ಬಂಗಾರಪೇಟೆಗೆ ಗುರುವಾರ ಬರುತ್ತಿದ್ದೇನೆ.